ದೂರದಲ್ಲಿರುವ ಮಕ್ಕಳಿಗೆ ತಿಂಡಿ ಡಬ್ಬಿ ಕಟ್ಟಿ ಕಳಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಮಗ ಕೆಲಸಕ್ಕೆ ಅಂತ ಪುಣೆಗೆ ಹೋದ ಮೊದಲ ತಿಂಗಳು ನಾನು ಕಳಿಸಿದ ಪಾರ್ಸೆಲ್ 9 ಕೆಜಿ ತೂಗಿತ್ತು. ಚಕ್ಕುಲಿ, ನಿಪ್ಪಟ್ಟು, ಹಾಲು ಹಾಕಿ ಕಟ್ಟಿದ ರವೆ ಉಂಡೆ, ಕಾಯಿ ಹೋಳಿಗೆ, ಹುರಿಟ್ಟು. ಎರಡು ದಿನ ಒಲೆ ಮುಂದೆ ನಿಂತು ಮಾಡಿದ್ದೆ. ಅದು ತಲುಪಲು 6 ದಿನ ಹಿಡಿಯಿತು. ಫೋನಿನಲ್ಲಿ ಕೇಳಿದಾಗ "ಎಲ್ಲ ಚೆನ್ನಾಗಿತ್ತಮ್ಮ" ಅಂದ. ದಸರಾ ರಜೆಗೆ ಊರಿಗೆ ಬಂದಾಗಲೇ ನಿಜ ಗೊತ್ತಾಗಿದ್ದು. ಉಂಡೆಗೆ ಬೂಷ್ಟು ಬಂದಿತ್ತಂತೆ. ಹೋಳಿಗೆ ಡಬ್ಬಿ ತೆಗೆದ ತಕ್ಷಣ ಹಳಸಿದ ವಾಸನೆ. ಅಮ್ಮನಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದ.

ಆಮೇಲೆ ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. "ರಾತ್ರಿ ಏನು ಊಟ ಮಾಡ್ತೀಯೋ?" "ಹತ್ತೂವರೆಗೆ ರೂಮಿಗೆ ಬರ್ತೀನಿ. ಕುಕ್ಕರ್‌ನಲ್ಲಿ ಒಂದು ಅನ್ನ ಇಟ್ಕೊತೀನಿ ಅಷ್ಟೇ. ಮೊಸರು ಇದ್ದರೆ ಮೊಸರು." 9 ಕೆಜಿ ಡಬ್ಬಿಯಲ್ಲಿ ಆ ಅನ್ನಕ್ಕೆ ಕಲಸಿಕೊಳ್ಳುವಂಥದ್ದು ಒಂದೂ ಇರಲಿಲ್ಲ.

ಇದು ನಡೆದು ನಾಲ್ಕು ವರ್ಷವಾಯಿತು. ಆವಾಗಿನಿಂದ ಹೆಚ್ಚುಕಡಿಮೆ ಆರು ವಾರಕ್ಕೊಂದು ಡಬ್ಬಿ ಹೋಗುತ್ತಿದೆ. ಕಲಿತಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಮಕ್ಕಳಿಗೇ ಆಗಬೇಕೆಂದಿಲ್ಲ. ಒಬ್ಬರೇ ಇರುವ ಅತ್ತೆ, ಬೇರೆ ಊರಿಗೆ ವರ್ಗವಾದ ತಮ್ಮ, ಹಾಸ್ಟೆಲ್‌ನಲ್ಲಿರುವ ಅಕ್ಕನ ಮಗಳು, ಯಾರಿಗಾದರೂ ಆಗುತ್ತದೆ.

ಹಿಟ್ಟು ಕಲಸುವ ಮೊದಲು ಫೋನ್ ಮಾಡಿ

"ಏನು ಕಳಿಸಲಿ?" ಅಂತ ಕೇಳಬೇಡಿ. "ಏನೂ ಬೇಡಮ್ಮ" ಅಂತಲೇ ಉತ್ತರ ಬರುತ್ತದೆ. ಅವರ ದಿನ ಹೇಗಿದೆ ಅಂತ ಕೇಳಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡುತ್ತಾರೆ, ತಿಂಡಿ ತಿಂದು ಹೊರಡುತ್ತಾರಾ, ರೂಮಿನಲ್ಲಿ ಒಲೆ ಇದೆಯಾ, ಫ್ರಿಜ್ ಇದೆಯಾ, ಯಾವ ಹೊತ್ತಿನಲ್ಲಿ ಹಸಿವಾಗಿ ಹೊರಗಿನದು ತಿನ್ನುತ್ತಾರೆ. ಇಷ್ಟು ತಿಳಿದರೆ ಡಬ್ಬಿಯ ಪಟ್ಟಿ ತಾನಾಗಿಯೇ ಆಗುತ್ತದೆ.

ಒಲೆ ಇದ್ದು ಅನ್ನ ಮಾಡಿಕೊಳ್ಳುವವರಿಗೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಾರಿನ ಪುಡಿ. ಒಲೆಯೇ ಇಲ್ಲದ ಹಾಸ್ಟೆಲ್‌ಗೆ ಹಾಗೇ ಬಾಯಿಗೆ ಹಾಕಿಕೊಳ್ಳುವಂಥದ್ದು: ಕೋಡುಬಳೆ, ಉಂಡೆ, ಹುರಿದ ಅವಲಕ್ಕಿ. ಮೆಸ್ ಊಟ ಸಪ್ಪೆ ಅನ್ನುವವರಿಗೆ ಚಟ್ನಿಪುಡಿ ಒಂದೇ ಸಾಕು. ಬೆಳಿಗ್ಗೆ ಏನೂ ತಿನ್ನದೆ ಓಡುವವರಿಗೆ ರಾಗಿ ಹುರಿಹಿಟ್ಟು. ಬಿಸಿ ಹಾಲಿಗೆ ಬೆಲ್ಲದ ಜೊತೆ ಕಲಸಿಕೊಂಡರೆ ಎರಡು ನಿಮಿಷದ ಕೆಲಸ.

ರೂಮಿನಲ್ಲಿ ಇನ್ನು ಯಾರು ಇದ್ದಾರೆ ಅಂತಲೂ ಕೇಳಿ. ನಮ್ಮ ಡಬ್ಬಿಯನ್ನು ಮಗ ಒಬ್ಬನೇ ಕೂತು ತಿನ್ನುವುದಿಲ್ಲ, ಅಲ್ವಾ? ಅವನ ಜೊತೆ ಇರುವ ಹುಡುಗರಲ್ಲಿ ಒಬ್ಬ ಜೈನ, ಬೆಳ್ಳುಳ್ಳಿ ತಿನ್ನುವುದಿಲ್ಲ. ಇನ್ನೊಬ್ಬನಿಗೆ ಕಡಲೆಕಾಯಿ ತಿಂದರೆ ಮೈಯೆಲ್ಲ ದದ್ದು. ಅದಕ್ಕೇ ಈಗ ನನ್ನ ಚಟ್ನಿಪುಡಿಗೆ ಬೆಳ್ಳುಳ್ಳಿ ಹಾಕುವುದಿಲ್ಲ, ಕಡಲೆಕಾಯಿಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತೇನೆ. ಬೇರೆ ಮನೆಯ ಹುಡುಗನಿಗೂ ಅದರಲ್ಲಿ ಒಂದು ಪಾಲಿದೆ ಅಂತ ಮೊದಲೇ ಲೆಕ್ಕ ಹಾಕಿ ಅಷ್ಟು ಜಾಸ್ತಿ ಮಾಡಿ. ಇಲ್ಲದಿದ್ದರೆ ನಮ್ಮ ಹುಡುಗ ಹಂಚಲೂ ಆಗದೆ ಮುಚ್ಚಿಡಲೂ ಆಗದೆ ಒದ್ದಾಡುತ್ತಾನೆ.

ಯಾವುದು ಕೆಡುತ್ತದೆ, ಯಾವುದು ತಡೆಯುತ್ತದೆ

ಕೆಡಿಸುವುದು ನೀರಿನ ಪಸೆ. ಹಸಿ ತೆಂಗಿನಕಾಯಿ, ಹಾಲು, ಹಸಿಮೆಣಸಿನಕಾಯಿ, ಸರಿಯಾಗಿ ಒಣಗದ ಕರಿಬೇವು, ಇವು ಇರುವ ಯಾವ ತಿಂಡಿಯನ್ನೂ ನಾಲ್ಕು ದಿನದ ಪ್ರಯಾಣಕ್ಕೆ ಹಾಕಬೇಡಿ. ಎರಡನೆಯ ಶತ್ರು ಎಣ್ಣೆಯ ಕಮಟು. ಕೊಬ್ಬರಿ, ಕಡಲೆಕಾಯಿ ಹಳೆಯದಾಗಿದ್ದರೆ ಎರಡೇ ವಾರದಲ್ಲಿ ಇಡೀ ಡಬ್ಬಿ ವಾಸನೆ ಹೊಡೆಯುತ್ತದೆ. ನಮ್ಮದು ತಿಪಟೂರು ಕಡೆ, ಕೊಬ್ಬರಿಗೆ ಬರವಿಲ್ಲ. ಆದರೂ ಪ್ರತಿ ಸಲ ಒಂದು ಚೂರು ಮುರಿದು ಅಗಿದು ನೋಡಿಯೇ ತುರಿಯುತ್ತೇನೆ. ಸ್ವಲ್ಪ ಕಮಟಿದ್ದರೂ ಅದು ಡಬ್ಬಿಗೆ ಬೇಡ.

ಉಪ್ಪು, ಹುಳಿ, ಸಕ್ಕರೆ ಪಾಕ, ಚೆನ್ನಾಗಿ ಕಾಯ್ದ ಎಣ್ಣೆ ಇವು ನಮ್ಮ ಪರ. ಹಿಂದಿನವರು ಬುತ್ತಿಗೆ ಆರಿಸಿದ ತಿಂಡಿಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ. ಉತ್ತರ ಕರ್ನಾಟಕದವರ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಮಲೆನಾಡಿನ ಅಪ್ಪೆಮಿಡಿ ಉಪ್ಪಿನಕಾಯಿ. ಕರಾವಳಿಯ ಹಲಸಿನ ಹಪ್ಪಳ. ನಿಮ್ಮ ಕಡೆಯ ತಿಂಡಿಯನ್ನೇ ಕಳಿಸಿ. ನಾನು ಕೆಳಗೆ ಹೇಳುವುದು ನಮ್ಮ ಮನೆಯದು.

ಚಟ್ನಿಪುಡಿ

ಒಂದೇ ಒಂದು ಐಟಂ ಕಳಿಸಲು ಸಮಯವಿದ್ದರೆ ಇದನ್ನೇ ಮಾಡಿ. ಬಿಸಿ ಅನ್ನಕ್ಕೆ, ಮೊಸರನ್ನಕ್ಕೆ, ಚಪಾತಿಗೆ, ಬ್ರೆಡ್ಡಿಗೆ, ಕೊನೆಗೆ ಮೆಸ್ಸಿನ ಸಪ್ಪೆ ಪಲ್ಯಕ್ಕೂ ಆಗುತ್ತದೆ.

ಬೇಕಾಗುವುದು: ಕಡಲೆಬೇಳೆ 1 ಲೋಟ, ಉದ್ದಿನಬೇಳೆ ಅರ್ಧ ಲೋಟ, ತುರಿದ ಒಣಕೊಬ್ಬರಿ 1 ಲೋಟ, ಬ್ಯಾಡಗಿ ಮೆಣಸಿನಕಾಯಿ 20, ಗುಂಟೂರು ಮೆಣಸಿನಕಾಯಿ 5, ಎರಡು ಹಿಡಿ ಕರಿಬೇವು, ನಿಂಬೆ ಗಾತ್ರದ ಹುಣಸೆಹಣ್ಣು, ಬೆಲ್ಲದ ಪುಡಿ 2 ಚಮಚ, ಇಂಗು, ಉಪ್ಪು, ಎರಡು ಚಮಚ ಎಣ್ಣೆ.

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅದರ ಸುಕ್ಕು ಸುಕ್ಕಾದ ಸಿಪ್ಪೆ ನೋಡಿಯೇ ಗುರುತು ಹಿಡಿಯಬಹುದು. ಖಾರ ಬೇಕೆನ್ನುವವರಿಗೆ ಗುಂಟೂರು ಕಾಯಿ ಒಂದೆರಡು ಜಾಸ್ತಿ ಹಾಕಿ.

ಹಿಂದಿನ ದಿನವೇ ಕರಿಬೇವು ತೊಳೆದು, ಬಟ್ಟೆಯ ಮೇಲೆ ಹರಡಿ, ಫ್ಯಾನ್ ಕೆಳಗೆ ರಾತ್ರಿಯಿಡೀ ಬಿಡಿ. ಮರುದಿನ ದಪ್ಪ ತಳದ ಬಾಣಲೆಯಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಿರಿ. ಎಲ್ಲ ಒಟ್ಟಿಗೆ ಹಾಕಿದರೆ ಕೊಬ್ಬರಿ ಸೀದು ಹೋಗುತ್ತದೆ, ಕಡಲೆಬೇಳೆ ಹಸಿಯಾಗಿಯೇ ಇರುತ್ತದೆ. ಕಡಲೆಬೇಳೆಗೆ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಬೇಕು. ಬಣ್ಣ ತಿರುಗಿದ ಮೇಲೆ ಒಂದು ಬೇಳೆ ಬಾಯಿಗೆ ಹಾಕಿ ಕಡಿಯಿರಿ. ಕಟುಕ್ ಅನ್ನಬೇಕು. ಹಲ್ಲಿಗೆ ಅಂಟಿದರೆ ಇನ್ನೂ ಹುರಿಯಬೇಕು. ಉದ್ದಿನಬೇಳೆ ಬೇಗ ಕೆಂಪಾಗುತ್ತದೆ, ಅದರ ಹತ್ತಿರವೇ ನಿಂತಿರಿ. ಆಮೇಲೆ ಎಣ್ಣೆ ಹಾಕಿ ಮೆಣಸಿನಕಾಯಿ, ನಂತರ ಕರಿಬೇವು. ಕರಿಬೇವಿನ ಎಲೆಯನ್ನು ಬೆರಳಲ್ಲಿ ಅದುಮಿದರೆ ಪುಡಿಪುಡಿಯಾಗಬೇಕು, ಮಡಚಿಕೊಳ್ಳಬಾರದು. ಕೊಬ್ಬರಿಗೆ ಉರಿ ಆರಿಸಿದ ಬಾಣಲೆಯ ಬಿಸಿ ಸಾಕು.

ಹುಣಸೆಹಣ್ಣಿನ ವಿಷಯದಲ್ಲಿ ಜಾಸ್ತಿ ಜನ ತಪ್ಪು ಮಾಡುತ್ತಾರೆ. ಹಾಗೇ ಹಾಕಿದರೆ ಅದರ ಪಸೆ ಪುಡಿಯನ್ನು ಗಂಟು ಮಾಡುತ್ತದೆ. ಬೀಜ, ನಾರು ತೆಗೆದು, ಎಸಳು ಬಿಡಿಸಿ, ಖಾಲಿ ಬಾಣಲೆಯಲ್ಲಿ ಎರಡು ಮೂರು ನಿಮಿಷ ಬಿಸಿ ಮಾಡಿ. ಆರಿದ ಮೇಲೆ ಗಟ್ಟಿಯಾಗುತ್ತದೆ.

ಎಲ್ಲವೂ ಪೂರ್ತಿ ಆರಲಿ. ಬೆಚ್ಚಗಿದ್ದಾಗ ಮಿಕ್ಸಿಗೆ ಹಾಕಿದರೆ ಜಾರಿನಲ್ಲಿ ಹಬೆ ಕಟ್ಟಿ ಪುಡಿ ಮುದ್ದೆಯಾಗುತ್ತದೆ. ಮೊದಲು ಮೆಣಸಿನಕಾಯಿ, ಹುಣಸೆ, ಕರಿಬೇವು, ಉಪ್ಪು ಪುಡಿ ಮಾಡಿ. ಆಮೇಲೆ ಬೇಳೆ. ಕೊನೆಯಲ್ಲಿ ಕೊಬ್ಬರಿ, ಬೆಲ್ಲ, ಇಂಗು ಹಾಕಿ ಎರಡು ಸಲ ತಿರುಗಿಸಿ ನಿಲ್ಲಿಸಿ. ಕೊಬ್ಬರಿಯನ್ನು ಜಾಸ್ತಿ ರುಬ್ಬಿದರೆ ಎಣ್ಣೆ ಬಿಡುತ್ತದೆ. ಪುಡಿ ತರಿತರಿಯಾಗಿರಲಿ. ನಮ್ಮಮ್ಮ ಮಿಕ್ಸಿ ಬಂದ ಮೇಲೂ ಬಹಳ ದಿನ ಒರಳಲ್ಲೇ ಕುಟ್ಟುತ್ತಿದ್ದಳು. ಕುಟ್ಟಿ ಮುಗಿದ ಮೇಲೆ ಒರಳಿಗೆ ಅಂಟಿಕೊಂಡಿದ್ದ ಪುಡಿಗೆ ಬಿಸಿ ಅನ್ನ, ತುಪ್ಪ ಹಾಕಿ ಅಲ್ಲೇ ಕಲಸಿ, ಒರಳು ಒರೆಸಿದ ಹಾಗೆ ತೆಗೆದು ನಮ್ಮ ಕೈಗೆ ಒಂದೊಂದು ತುತ್ತು ಇಡುತ್ತಿದ್ದಳು. ಆ ತುತ್ತಿಗೋಸ್ಕರ ನಾವು ಮೂವರು ಕಾಯುತ್ತಾ ಕೂತಿರುತ್ತಿದ್ದೆವು.

ಮಾಡಿದ ಪುಡಿಯನ್ನು ತಟ್ಟೆಯಲ್ಲಿ ಹರಡಿ ಒಂದು ಗಂಟೆ ಬಿಟ್ಟು ಆಮೇಲೆ ತುಂಬಿ. ಒಣ ಚಮಚ ಬಳಸಿದರೆ ಒಂದೂವರೆ ತಿಂಗಳು ಚೆನ್ನಾಗಿರುತ್ತದೆ.

ಪುಳಿಯೋಗರೆ ಗೊಜ್ಜು

ರಾತ್ರಿ ಹತ್ತೂವರೆಯ ಅನ್ನಕ್ಕೆ ನಾನು ಕಂಡುಕೊಂಡ ಉತ್ತರ ಇದು.

100 ಗ್ರಾಂ ಹುಣಸೆಹಣ್ಣನ್ನು ಎರಡು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕಿವುಚಿ, ಗಟ್ಟಿ ರಸ ತೆಗೆಯಿರಿ. ಪುಡಿಗೆ ಧನಿಯಾ 4 ಚಮಚ, ಕಡಲೆಬೇಳೆ ಮತ್ತು ಉದ್ದಿನಬೇಳೆ ಒಂದೊಂದು ಚಮಚ, ಜೀರಿಗೆ 1 ಚಮಚ, ಕಾಳುಮೆಣಸು 1 ಚಮಚ, ಮೆಂತ್ಯ ಮುಕ್ಕಾಲು ಚಮಚ, ಬ್ಯಾಡಗಿ 15 ಹುರಿದು ನುಣ್ಣಗೆ ಪುಡಿ ಮಾಡಿಕೊಳ್ಳಿ. ಮೆಂತ್ಯ ಕಪ್ಪಾದರೆ ಇಡೀ ಗೊಜ್ಜು ಕಹಿ. ಕೆಂಪಾದ ತಕ್ಷಣ ತೆಗೆದುಬಿಡಿ.

ಅರ್ಧ ಲೋಟ ಎಳ್ಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಕರಿಬೇವು, ಅರಿಶಿನ ಹಾಕಿ. ಹುಣಸೆ ರಸ, ಉಪ್ಪು, 80 ಗ್ರಾಂ ಬೆಲ್ಲ ಸೇರಿಸಿ ಕುದಿಸಿ. ಅನ್ನಕ್ಕೂ ಸೇರಿಸಿಯೇ ಉಪ್ಪು ಹಾಕಿ, ಗೊಜ್ಜು ಹಾಗೇ ನೆಕ್ಕಿದರೆ ಉಪ್ಪುಪ್ಪಾಗಿರಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಅದು ಆಗಿಬರುವುದಿಲ್ಲ. ಸ್ಟೀಲ್ ಆಗಬಹುದು, ಮನೆಯಲ್ಲಿ ಹಳೆಯ ಕಲ್ಲಿನ ಪಾತ್ರೆ ಇದ್ದರೆ ಇನ್ನೂ ಒಳ್ಳೆಯದು. ರಸ ಅರ್ಧಕ್ಕೆ ಇಳಿದ ಮೇಲೆ ಪುಡಿ ಹಾಕಿ, ಗಂಟಾಗದಂತೆ ಕೈಯಾಡಿಸುತ್ತಾ ಸಣ್ಣ ಉರಿಯಲ್ಲಿ ಬೇಯಿಸಿ.

ಗೊಜ್ಜು ಪಟಪಟ ಸಿಡಿಯಲು ಶುರುವಾಗುತ್ತದೆ. ಆಮೇಲೆ ಸದ್ದು ಕಡಿಮೆಯಾಗುತ್ತದೆ. ಸುತ್ತ ಅಂಚಿನಲ್ಲಿ ಎಣ್ಣೆ ಕೆಂಪಗೆ ಬಿಟ್ಟುಕೊಳ್ಳುತ್ತದೆ. ಸೌಟಿನಿಂದ ನಡುವೆ ಗೀರು ಎಳೆದರೆ ಪಾತ್ರೆಯ ತಳ ಕಾಣಬೇಕು, ಗೊಜ್ಜು ತಕ್ಷಣ ಬಂದು ಕೂಡಿಕೊಳ್ಳಬಾರದು. ಅಲ್ಲಿಗೆ ಆಯಿತು. ಒಟ್ಟು 30 ನಿಮಿಷ ಹಿಡಿಯಬಹುದು. ಅವಸರ ಮಾಡಿ ನೀರಾಗಿದ್ದಾಗಲೇ ಇಳಿಸಿದರೆ ಬೂಷ್ಟು ಬರುವುದು ಖಂಡಿತ.

ಎಳ್ಳು, ಕೊಬ್ಬರಿ, ಕಡಲೆಕಾಯಿ ಗೊಜ್ಜಿಗೆ ಹಾಕಬೇಡಿ. ಹುರಿದ ಕರಿ ಎಳ್ಳು ಮತ್ತು ಕೊಬ್ಬರಿಯ ಪುಡಿಯನ್ನು ಬೇರೆ ಪೊಟ್ಟಣ ಮಾಡಿ. ಕಲಸುವ ಹೊತ್ತಿಗೆ ಮೇಲೆ ಉದುರಿಸಿಕೊಂಡರೆ ಅವತ್ತೇ ಮಾಡಿದ ಹಾಗೆ ಘಮ್ ಅನ್ನುತ್ತದೆ. ಕಡಲೆಕಾಯಿಯೂ ಗರಿಗರಿಯಾಗಿಯೇ ಇರುತ್ತದೆ. ಇಷ್ಟು ಗೊಜ್ಜು ಒಬ್ಬರಿಗೆ ಹತ್ತು ಹನ್ನೆರಡು ಊಟಕ್ಕೆ ಬರುತ್ತದೆ.

ಕರಿದದ್ದು ಮತ್ತು ಸಿಹಿ

ಕೋಡುಬಳೆ, ಚಕ್ಕುಲಿ ಅಳತೆ ಎಲ್ಲರ ಮನೆಯಲ್ಲೂ ಬೇರೆ ಬೇರೆ ಇರುತ್ತದೆ, ಅದನ್ನು ಹೇಳುವುದಿಲ್ಲ. ಒಂದು ಮಾತು ಮಾತ್ರ. ಎಣ್ಣೆಗೆ ಬಿಟ್ಟಾಗ ಏಳುವ ನೊರೆ ಹಿಟ್ಟಿನಲ್ಲಿರುವ ನೀರು ಹಬೆಯಾಗಿ ಹೊರಬರುವುದರಿಂದ ಬರುತ್ತದೆ. ನೊರೆ ಪೂರ್ತಿ ನಿಂತ ಮೇಲೆ ತೆಗೆಯಿರಿ. ಬಣ್ಣ ಬಂತು ಅಂತ ಮೊದಲೇ ತೆಗೆದರೆ ಮೂರನೆಯ ದಿನಕ್ಕೆ ಮೆತ್ತಗಾಗುತ್ತದೆ. ಉರಿ ಜೋರಾಗಿದ್ದರೆ ಮೇಲೆ ಬಣ್ಣ ಬೇಗ ಬರುತ್ತದೆ, ಒಳಗೆ ನೀರು ಹಾಗೇ ಉಳಿಯುತ್ತದೆ.

ಸಿಹಿಗೆ ರವೆ ಉಂಡೆ. ಆದರೆ ಹಾಲು ಚಿಮುಕಿಸಿ ಕಟ್ಟುವುದು ಬೇಡ, ಅದು ಮನೆಯಲ್ಲೇ ಮೂರು ದಿನದಲ್ಲಿ ಖಾಲಿಯಾಗುವ ಉಂಡೆ. ಪಾಕದ ಉಂಡೆ ಮಾಡಿ. 1 ಲೋಟ ಚಿರೋಟಿ ರವೆಯನ್ನು 4 ಚಮಚ ತುಪ್ಪದಲ್ಲಿ ಘಮ ಬರುವವರೆಗೆ ಹುರಿಯಿರಿ. ಮುಕ್ಕಾಲು ಲೋಟ ಸಕ್ಕರೆಗೆ ಕಾಲು ಲೋಟ ನೀರು ಹಾಕಿ ಒಂದೆಳೆ ಪಾಕ ಬರಿಸಿ. ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಅದುಮಿ ಬಿಡಿಸಿದರೆ ಒಂದು ಎಳೆ ನಿಲ್ಲಬೇಕು. ರವೆ, ಹುರಿದ ಗೋಡಂಬಿ, ದ್ರಾಕ್ಷಿ, ಏಲಕ್ಕಿ ಹಾಕಿ ಒಲೆ ಆರಿಸಿ. ಮೊದಲು ನೀರಾಗಿ ಕಾಣುತ್ತದೆ, ಗಾಬರಿ ಬೇಡ. ಹತ್ತು ಹದಿನೈದು ನಿಮಿಷದಲ್ಲಿ ಹೀರಿಕೊಳ್ಳುತ್ತದೆ. ಕೈ ತಾಳುವಷ್ಟು ಬಿಸಿ ಇರುವಾಗಲೇ ಕಟ್ಟಿ. ಎರಡು ವಾರ ಏನೂ ಆಗುವುದಿಲ್ಲ.

ಕಟ್ಟುವುದು

ಕರಿದ ತಿಂಡಿ ಮೂರು ನಾಲ್ಕು ಗಂಟೆ ಆರಲಿ. ಕೈಗೆ ತಣ್ಣಗೆ ಅನ್ನಿಸಿದರೂ ರಾಶಿಯ ಒಳಗೆ ಬಿಸಿ ಇರುತ್ತದೆ. ಸುದ್ದಿಪತ್ರಿಕೆಯಲ್ಲಿ ಸುತ್ತಬೇಡಿ, ಅದರ ಶಾಯಿ ತಿಂಡಿಗೆ ಅಂಟುತ್ತದೆ. ಬಟರ್ ಪೇಪರ್ ತೆಗೆದುಕೊಳ್ಳಿ. ಕೋಡುಬಳೆಯನ್ನು ಬಳೆ ಜೋಡಿಸಿದ ಹಾಗೆ ಒಂದರ ಮೇಲೊಂದು ಇಟ್ಟು ಸುತ್ತಿ, ಡಬ್ಬಿಗೆ ನಿಲ್ಲಿಸಿ. ಡಬ್ಬಿ ಅಲ್ಲಾಡಿಸಿದರೆ ಸದ್ದು ಬರಬಾರದು. ಸಂದು ಇದ್ದಲ್ಲಿ ಪೇಪರ್ ಉಂಡೆ ಮಾಡಿ ತುರುಕಿ. ಒಳಗೆ ಕುಣಿದಾಡುವ ತಿಂಡಿ ತಲುಪುವ ಹೊತ್ತಿಗೆ ಪುಡಿಯಾಗಿರುತ್ತದೆ.

ಗೊಜ್ಜಿಗೆ ಅಗಲ ಬಾಯಿಯ, ಗಟ್ಟಿ ಪ್ಲಾಸ್ಟಿಕ್ ಬಾಟಲಿ. ಬಿಸಿಲಲ್ಲಿ ಒಣಗಿಸಿದ್ದಿರಬೇಕು. ಅರ್ಧ ಅಂಗುಲ ಜಾಗ ಬಿಟ್ಟು ತುಂಬಿ, ಮೇಲೆ ಒಂದು ಚಮಚ ಕಾಯಿಸಿ ಆರಿಸಿದ ಎಣ್ಣೆ ಹಾಕಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಮುಚ್ಚಳ ಬಿಗಿ ಮಾಡಿ, ಸುತ್ತ ಟೇಪ್. ಈಗ ಒಂದು ತಟ್ಟೆಯ ಮೇಲೆ ತಲೆಕೆಳಗಾಗಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಟ್ಟೆಯಲ್ಲಿ ಒಂದು ಹನಿ ಎಣ್ಣೆ ಕಂಡರೂ ಆ ಬಾಟಲಿ ಬೇಡ. ದಾಟಿದ ಬಾಟಲಿಯನ್ನು ಎರಡು ಕವರ್‌ನಲ್ಲಿ ಹಾಕಿ ಪೆಟ್ಟಿಗೆಯ ನಟ್ಟನಡುವೆ ನಿಲ್ಲಿಸಿ. ಸುತ್ತ ಹಳೆಯ ಪಂಚೆ ಅಥವಾ ಟವಲ್ ತುರುಕಿ, ಆಮೇಲೆ ಅದು ಅವರಿಗೆ ಒಲೆ ಕಟ್ಟೆ ಒರೆಸಲೂ ಆಗುತ್ತದೆ.

ಪ್ರತಿ ಡಬ್ಬಿಗೂ ಕೈಯಲ್ಲಿ ಬರೆದ ಚೀಟಿ ಅಂಟಿಸಿ. ಏನು, ಯಾವತ್ತು ಮಾಡಿದ್ದು, ಯಾವತ್ತಿನೊಳಗೆ ಮುಗಿಸಬೇಕು, ಹೇಗೆ ತಿನ್ನಬೇಕು. ನನ್ನ ಗೊಜ್ಜಿನ ಚೀಟಿಯಲ್ಲಿ ಹೀಗಿರುತ್ತದೆ: "ಅನ್ನ ಸ್ವಲ್ಪ ಆರಲಿ. ಒಂದು ಬಟ್ಟಲಿಗೆ ಒಂದು ದೊಡ್ಡ ಚಮಚ. ಒಣ ಚಮಚ ಹಾಕು. ಎಳ್ಳುಪುಡಿ ನೀಲಿ ಮುಚ್ಚಳದ ಡಬ್ಬಿಯಲ್ಲಿದೆ." ಅಷ್ಟೇ. ಒಮ್ಮೆ ಊರಿಗೆ ಬಂದಾಗ ಅವನ ಪರ್ಸ್ ತೆಗೆದು ನೋಡಿದೆ, ಎಣ್ಣೆಯ ಕಲೆ ಹತ್ತಿದ ಹಳೆಯ ಚೀಟಿ ಒಂದು ಮಡಚಿಟ್ಟಿತ್ತು. ನಾನು ಏನೂ ಕೇಳಲಿಲ್ಲ, ಹಾಗೇ ಇಟ್ಟೆ.

ಕಳಿಸುವುದು

ಕರ್ನಾಟಕದ ಒಳಗಾದರೆ ಬಸ್ಸಿಗೆ ಹಾಕುವುದು ಸುಲಭ. ಕೆಎಸ್‌ಆರ್‌ಟಿಸಿಯ ನಮ್ಮ ಕಾರ್ಗೋ ಸೇವೆ 2021ರಿಂದ ಇದೆ. ಡಬ್ಬಿ ಪಡೆಯುವವರಿಗೆ ನಿಲ್ದಾಣಕ್ಕೆ ಹೋಗಿ ತೆಗೆದುಕೊಳ್ಳಲು ಆಗುತ್ತಾ ಅಂತ ಮೊದಲು ಕೇಳಿ. ದೂರದ ಊರಿಗೆ ಸ್ಪೀಡ್ ಪೋಸ್ಟ್ ಅಥವಾ ಕೊರಿಯರ್. ಸೋಮವಾರ ಬೆಳಿಗ್ಗೆ ಕೊಡಿ. ಶುಕ್ರವಾರ ಕೊಟ್ಟರೆ ಭಾನುವಾರ ಗೋಡೌನಿನಲ್ಲಿ ಬಿದ್ದಿರುವ ಸಾಧ್ಯತೆ ಜಾಸ್ತಿ. ಯಾರಾದರೂ ಆ ಕಡೆ ಹೋಗುವವರಿದ್ದರೆ ಅವರ ಕೈಲಿ ಕಳಿಸುವುದು ಎಲ್ಲಕ್ಕಿಂತ ಒಳ್ಳೆಯದು, ಆದರೆ 3 ಕೆಜಿ ಮೀರಬೇಡಿ, ಅವರಿಗೂ ಒಂದು ಪೊಟ್ಟಣ ಬೇರೆ ಕಟ್ಟಿಕೊಡಿ.

ವಿಮಾನದಲ್ಲಿ ಹೋಗುವವರಿಗೆ ಗೊಜ್ಜು, ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಹಾಕಬೇಡಿ. ಇಡೀ ಒಣಕೊಬ್ಬರಿ ಬಟ್ಟಲು ಚೆಕ್-ಇನ್ ಲಗೇಜಿನಲ್ಲೂ ಬಿಡುವುದಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ಭಯ. ಬ್ರಿಟನ್‌ಗೆ ಇಲ್ಲಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಬೇರೆ ದೇಶಗಳಿಗೂ ಅವರವರ ನಿಯಮ ಇರುತ್ತದೆ, ಕಟ್ಟುವ ಮೊದಲು ನೋಡಿಕೊಳ್ಳಿ. ಅಷ್ಟು ಕಷ್ಟಪಟ್ಟು ಮಾಡಿದ್ದು ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಹೋದರೆ ಹೊಟ್ಟೆ ಉರಿಯುತ್ತದೆ.

ತಲುಪಿದ ಮೇಲೆ

ದಿನಾ ಫೋನ್ ಮಾಡಿ "ತಿಂದ್ಯಾ, ತಿಂದ್ಯಾ" ಅಂತ ಕೇಳಬೇಡಿ. ಅದು ಅವರಿಗೆ ಸಾಲದ ಲೆಕ್ಕ ಕೇಳಿದ ಹಾಗಾಗುತ್ತದೆ. ತಲುಪಿತಾ, ಒಡೆದಿದೆಯಾ ಅಂತ ಒಂದು ಸಲ ಕೇಳಿ ಬಿಟ್ಟುಬಿಡಿ. ಕೆಟ್ಟಿದ್ದರೆ ಹೇಳು, ನನಗೆ ಬೇಜಾರಿಲ್ಲ, ಮುಂದಿನ ಸಲ ಸರಿ ಮಾಡಬಹುದು ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ಸುಳ್ಳು ಹೇಳುತ್ತಲೇ ಇರುತ್ತಾರೆ, ನೀವು ಅದೇ ತಪ್ಪು ಮಾಡುತ್ತಲೇ ಇರುತ್ತೀರಿ.

ಖಾಲಿ ಡಬ್ಬಿಗಳನ್ನು ಊರಿಗೆ ಬರುವಾಗ ತರಲು ಹೇಳಿ. ಬಂದ ಮೇಲೆ ಬಿಸಿನೀರಿನಲ್ಲಿ ತೊಳೆದು, ಮುಚ್ಚಳ ಬಿಚ್ಚಿ, ಎರಡು ದಿನ ಬಿಸಿಲಿಗಿಡಿ. ಮುಚ್ಚಳದ ರಬ್ಬರ್ ಮೂಸಿ ನೋಡಿ, ಹಳೆಯ ಎಣ್ಣೆ ವಾಸನೆ ಇದ್ದರೆ ಬದಲಾಯಿಸಿ. ತೊಳೆಯುವ ಮೊದಲು ತಳದಲ್ಲಿ ಏನು ಉಳಿದಿದೆ ಅಂತ ನೋಡುವುದನ್ನು ಮರೆಯಬೇಡಿ. ಅವರು ಬಾಯಲ್ಲಿ ಹೇಳದ್ದು ಅಲ್ಲಿರುತ್ತದೆ.

ಕಳೆದ ವಾರ ಮಗ ಬಂದಿದ್ದ. ಬ್ಯಾಗಿನಿಂದ ನಾಲ್ಕು ಡಬ್ಬಿ ತೆಗೆದಿಟ್ಟ. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅಂತ ಅಜ್ಜಿ ಹೇಳುತ್ತಿದ್ದದ್ದು ನೆನಪಿತ್ತೋ ಏನೋ, ಒಂದರಲ್ಲಿ ಪುಣೆಯ ಬಾಕರವಡಿ ತುಂಬಿಕೊಂಡು ಬಂದಿದ್ದ. ಉಂಡೆಯ ಡಬ್ಬಿ ಖಾಲಿ. ಕೋಡುಬಳೆ ನಾಲ್ಕು ಹಾಗೇ ಉಳಿದಿತ್ತು. ಗೊಜ್ಜಿನ ಬಾಟಲಿಯ ಒಳಗೆ ಅನ್ನದ ಅಗುಳು ಅಂಟಿತ್ತು, ಕೊನೆಗೆ ಬಾಟಲಿಗೇ ಅನ್ನ ಹಾಕಿ ಕಲಸಿ ತೆಗೆದಿದ್ದಾನೆ. ಈ ಸಲ ಕೋಡುಬಳೆ ಬೇಡ. ಹುಣಸೆಹಣ್ಣು 200 ಗ್ರಾಂ ನೆನೆಸಿದ್ದೇನೆ.